ಹನ್ನೊಂದು ಹಂಚಿನ ಹೊತ್ತು

ಎರಡನೆಯ ಕಲ್ಲು ಆಂಬುಲೆನ್ಸಿನ ಗಾಜು ಒಡೆದು ಒಳಗೇ ಬಂತು. ಸ್ಟ್ರೆಚರಿನ ಮೇಲಿದ್ದ ಕ್ಯಾಪ್ಟನ್ ಸುಮನಾಳ ಮುರಿದ ಭುಜಕ್ಕೆ ತಗುಲಿ ಕೆಳಗೆ ಉರುಳಿತು. ಅವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು.

ಇನ್‌ಸ್ಪೆಕ್ಟರ್ ಚೈತ್ರಾ ಅವಳ ಮೇಲೆ ಅಡ್ಡ ಬಿದ್ದಳು. ಮೂರನೆಯ ಕಲ್ಲು ಚೈತ್ರಾಳ ಬೆನ್ನಿಗೆ ಬಿತ್ತು.

ಹೊಸನಗರ ಬಿಟ್ಟು ತೀರ್ಥಹಳ್ಳಿ ರಸ್ತೆ ಹಿಡಿದು ಹತ್ತು ನಿಮಿಷ ಆಗಿರಲಿಲ್ಲ. ತಿರುವಿನಲ್ಲಿ ಅಕೇಶಿಯಾ ಮರ ಕಡಿದು ರಸ್ತೆಗೆ ಅಡ್ಡ ಕೆಡವಿದ್ದರು. ಅದರ ಹಿಂದೆ ಐವತ್ತು ಅರವತ್ತು ಜನ. ಭಾನುವಾರ ಸಂಜೆ ಹೆಬ್ಬೈಲು ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನ ಮಗುಚಿ ಗದ್ದೆಗೆ ಬಿದ್ದು ಹದಿನಾಲ್ಕು ಜನ ಸತ್ತಿದ್ದರು. ಅದನ್ನು ಓಡಿಸಿದವಳು ಬದುಕಿದ್ದಳು. ಇವತ್ತು ಬುಧವಾರ. ಮೂರು ದಿನದಿಂದ ಈ ಸೀಮೆಯ ಜನ ಅವಳಿಗಾಗಿ ಕಾದಿದ್ದರು.

ಹಿಂಬಾಗಿಲು ದಡಾರೆಂದು ತೆರೆಯಿತು. ಅಲ್ಲಿ ದಿನೇಶ್ ನಿಂತಿದ್ದ. ಕೈಯಲ್ಲಿ ಸೊಪ್ಪು ಕಡಿಯುವ ಕತ್ತಿ. ಏರ್‌ಪೋರ್ಟಿನಲ್ಲಿ ಟ್ಯಾಕ್ಸಿ ಓಡಿಸುವವನು. ಸತ್ತವರಲ್ಲಿ ಅವನ ಹೆಂಡತಿ ಭವ್ಯಾ ಒಬ್ಬಳು. ಅವನನ್ನು ತಡೆಯಲು ಹೋಗಿದ್ದ ಹೆಡ್ ಕಾನ್‌ಸ್ಟೆಬಲ್ ಸೀತಾರಾಮಪ್ಪ ರಸ್ತೆಯ ಮೇಲೆ ಕೂತಿದ್ದ; ಹಣೆಯಿಂದ ಇಳಿದ ರಕ್ತ ಮೀಸೆಯನ್ನು ತೋಯಿಸಿತ್ತು.

"ಸರೀರಿ ಮೇಡಮ್. ನಿಮ್ ಮೇಲೆ ನಂಗೇನೂ ಇಲ್ಲ. ಅವಳ ಕುತ್ತಿಗೆ ಒಂದು ಬಿಟ್ಕೊಡಿ."

"ಕತ್ತಿ ಕೆಳಗಿಡು ದಿನೇಶ್."

"ಐದು ತಿಂಗಳ ಬಸುರಿ ಕಣ್ರೀ! ಎರಡು ಸಲ ಹೋಗಿ ಮೂರನೇದು ನಿಂತಿತ್ತು. ಇವಳು ತೊಟ್ಟಿಲು ಮಗುಚ್ದಂಗೆ ಮಗುಚಿ ಕೊಂದ್ಲು!"

ಕತ್ತಿ ಬೀಸಿ ಬಂತು. ಚೈತ್ರಾ ಗ್ಲೂಕೋಸ್ ಬಾಟಲಿ ತೂಗುಹಾಕಿದ್ದ ಕಂಬವನ್ನು ಕಿತ್ತು ಅಡ್ಡ ಹಿಡಿದಳು. ಕಬ್ಬಿಣಕ್ಕೆ ಕಬ್ಬಿಣ ತಾಗಿ ಕೈ ಜುಮ್ಮೆಂದಿತು. ಅದೇ ಕಂಬದ ಬುಡದಿಂದ ಅವನ ಹೊಟ್ಟೆಗೆ ತಿವಿದಳು. ಅವನು ಬಗ್ಗಿದ. ಇನ್ನೊಂದು ಪೆಟ್ಟು ಮಂಡಿಗೆ. ಅವನು ಡಾಂಬರಿನ ಮೇಲೆ ಬಿದ್ದ ಕೂಡಲೇ ಅವಳು ಹಾರಿ ಅವನ ಕುತ್ತಿಗೆಯ ಮೇಲೆ ಮೊಳಕಾಲೂರಿ, ಪಿಸ್ತೂಲು ತೆಗೆದು ಆಕಾಶಕ್ಕೆ ಒಂದು ಗುಂಡು ಹಾರಿಸಿದಳು.

ಗುಂಪು ಹಿಂದೆ ಸರಿಯಿತು.

"ಮುಂದಿನದು ಆಕಾಶಕ್ಕೆ ಹೋಗಲ್ಲ," ಎಂದಳು ಚೈತ್ರಾ. "ಮರ ಎಳೀರಿ."

ಜನ ಗೊಣಗುತ್ತಲೇ ಮರ ಎಳೆದರು. ದಿನೇಶನ ಕೈಗೆ ಬೇಡಿ ಬಿತ್ತು. ಸೀತಾರಾಮಪ್ಪ ಕರವಸ್ತ್ರದಿಂದ ಹಣೆ ಒತ್ತಿಕೊಂಡು ಎದ್ದ.

"ಹೊಲಿಗೆ ಬೀಳ್ತದೇನೋ ಮೇಡಮ್. ಎಂತ ಮಾಡೋದು, ಮೊದ್ಲೇ ನಾನು ಚೆಂದ ಇಲ್ಲ."

ಚೈತ್ರಾ ಆಂಬುಲೆನ್ಸಿಗೆ ಹತ್ತಿ ಗಾಜಿನ ಚೂರು ಗುಡಿಸಿದಳು. ಸುಮನಾ ಅವಳ ತೋಳು ಹಿಡಿದುಕೊಂಡಳು.

"ನಾನು ತಿರುಗಿಸಲಿಲ್ಲ ಮೇಡಮ್. ನನ್ನ ಕೈಯಿಂದ ಕಿತ್ಕೊಂಡ ಹಾಗಾಯ್ತು."

"ಯಾರು?"

"ಗಾಳಿ. ನನ್ನ ಮುಂದೆ ಒಂದು ಸರಕು ವಿಮಾನ ಇಳೀತು. ತುಂಬ ದೊಡ್ಡದು. ಅಂಥದ್ದು ಹೋದ ಮೇಲೆ ಅದರ ಎರಡೂ ರೆಕ್ಕೆ ತುದಿಯಿಂದ ಒಂದೊಂದು ಸುಳಿ ಹೊರಡ್ತದೆ. ಹೊಳೆ ಸುಳಿ ನೋಡಿದ್ದೀರಲ್ಲ, ಅದನ್ನ ಅಡ್ಡ ಮಲಗಿಸಿದ ಹಾಗೆ. ಕಣ್ಣಿಗೆ ಕಾಣಲ್ಲ. ಮೆಲ್ಲಗೆ ಕೆಳಗಿಳೀತಾ ಹೋಗ್ತದೆ. ಗಾಳಿ ಬೀಸ್ತಿದ್ರೆ ಚದುರಿ ಹೋಗ್ತದೆ. ಭಾನುವಾರ ಗಾಳಿ ಇರಲಿಲ್ಲ. ನಂದು ಎಪ್ಪತ್ತು ಜನರ ವಿಮಾನ. ಅದರೊಳಗೆ ಸಿಕ್ಕಿದ್ರೆ ಎಲೆ."

"ಎಷ್ಟು ಹೊತ್ತು ಇರ್ತದೆ ಆ ಸುಳಿ?"

"ಮೂರು ನಿಮಿಷ ಕಳೆದ್ರೆ ಹೆದರಿಕೆ ಇಲ್ಲ ಅಂತ ಲೆಕ್ಕ. ನಂಗೆ ಎದುರು ಬಿಸಿಲು, ಮುಂದಿನದು ಎಷ್ಟು ದೂರ ಇದೆ ಅಂತ ಕಾಣ್ತಿರಲಿಲ್ಲ. ಟವರ್‌ನವರು, ನಾಲ್ಕು ನಿಮಿಷ ಆಗಿದೆ, ಅಡ್ಡ ತಿರುಗಿ ತಗ್ಗಿ ಬಾ ಅಂದ್ರು. ಬಂದೆ. ನಾಲ್ಕು ನಿಮಿಷ ಆಗಿದ್ರೆ ಆ ಸುಳಿ ಸತ್ತಿರ್ತಿತ್ತು. ಅದು ಜೀವಂತ ಇತ್ತು ಮೇಡಮ್."

"ಟವರ್‌ನ ರಿಜಿಸ್ಟರಿನಲ್ಲಿ ನಾಲ್ಕು ನಿಮಿಷ ಅಂತಲೇ ಇದೆ. ಮಾತು ರೆಕಾರ್ಡ್ ಮಾಡೋ ಯಂತ್ರ ಆ ವಾರ ಕೆಟ್ಟಿತ್ತಂತೆ. ವಿಮಾನದ ಪೆಟ್ಟಿಗೆ ದಿಲ್ಲಿಗೆ ಹೋಗಿದೆ. ಅದು ಬಾಯಿ ಬಿಡೋಕೆ ತಿಂಗಳು ಬೇಕು."

"ಒಬ್ಬ ನೋಡಿದ್ದಾನೆ." ಸುಮನಾ ಕಣ್ಣು ತೆರೆದಳು. "ಶಾಲೆ ಮಾಡಿನ ಮೇಲೆ ಒಬ್ಬ ಇದ್ದ. ಕೈಯಲ್ಲಿ ಹಂಚು ಹಿಡಿದು ನಿಂತಿದ್ದ. ಮಗುಚೋ ಮೊದಲು ಕೊನೆಗೆ ಕಂಡದ್ದು ಅವನ ಮುಖ."

ಚೈತ್ರಾಳ ಮೊಬೈಲ್ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಮೊದಲನೆಯದು ಡಿವೈಎಸ್ಪಿಯವರ ಕರೆ. ಮೇಲಿನಿಂದ ಒತ್ತಡ, ಸಂಜೆ ಆರರೊಳಗೆ ಬೇರೆ ಯಾರ ಕಡೆಗಾದರೂ ಬೆರಳು ತೋರಿಸುವ ಸಹಿ ಹಾಕಿದ ಕಾಗದ ಒಂದು ಬರದಿದ್ದರೆ, ಪೈಲಟ್‌ಳನ್ನು ಬಂಧಿಸಿ ಸಾಗರಕ್ಕೆ ಸಾಗಿಸುವುದು. ಸಾಗರದ ಠಾಣೆಯ ಮುಂದೆ ಬೆಳಗಿನಿಂದ ಎರಡು ಸಾವಿರ ಜನ ಕೂತಿದ್ದಾರೆ. ಅಲ್ಲಿಗೆ ಹೋದರೆ ಜೀಪಿನಿಂದ ಠಾಣೆಯ ಮೆಟ್ಟಿಲವರೆಗೂ ಅವಳು ಜೀವಂತ ಹೋಗುವುದಿಲ್ಲ. ಅದು ಡಿವೈಎಸ್ಪಿಗೂ ಗೊತ್ತು, ಚೈತ್ರಾಳಿಗೂ ಗೊತ್ತು.

ಎರಡನೆಯ ಕರೆ ಹೆಬ್ಬೈಲಿನದು. ಶಾಲೆಯ ಛಾವಣಿಯ ಹಂಚು ತೆಗೆದು ಕೈಯಾಡಿಸುತ್ತಿದ್ದ ಗಿರಿಯಪ್ಪ ಮಾಡಿನಿಂದ ಬಿದ್ದು ಸತ್ತಿದ್ದಾನೆ.

ಆಂಬುಲೆನ್ಸಿನ ಬೆನ್ನಿಗೆ ಬಂದಿದ್ದ ಪೊಲೀಸ್ ಜೀಪಿನ ಹಿಂದಿನ ಸೀಟಿನಲ್ಲಿ ಬೇಡಿ ಹಾಕಿಸಿಕೊಂಡು ಕೂತಿದ್ದ ದಿನೇಶ್ ಆ ಹೆಸರು ಕೇಳಿ ತಲೆ ಎತ್ತಿದ.

"ನನ್ನ ಭಾವ," ಎಂದ.

*

ಆಂಬುಲೆನ್ಸು ತೀರ್ಥಹಳ್ಳಿ ಆಸ್ಪತ್ರೆಗೆ ಹೋಯಿತು, ಜೀಪು ಹೆಬ್ಬೈಲಿಗೆ ಬಂತು. ಬೇಸಿಗೆ ರಜೆಯ ಶಾಲೆ. ಬಾವುಟವಿಲ್ಲದ ಧ್ವಜಕಂಬ, ಬೀಗ ಹಾಕಿದ ಬಿಸಿಯೂಟದ ಕೋಣೆ. ಅಂಗಳದಲ್ಲಿ ಗಿರಿಯಪ್ಪ ಬೋರಲು ಬಿದ್ದಿದ್ದ. ಮೂಗು ಬಾಯಿ ಮಣ್ಣಿಗೆ ಒತ್ತಿಕೊಂಡಿದ್ದವು. ಹೆಂಡತಿ ದುಗ್ಗಮ್ಮ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ಅಳು ಮುಗಿದು ಹೋಗಿತ್ತು. ಪಕ್ಕದಲ್ಲಿ ಅವನಿಗಾಗಿ ತಂದ ಬುತ್ತಿ ಹಾಗೇ ಇತ್ತು.

ಚೈತ್ರಾ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಬಿದ್ದದ್ದು ಬೋರಲು. ಒಡೆದಿದ್ದು ಹಿಂದಲೆ.

"ಜಾರಿ ಬಿದ್ದದ್ದಲ್ಲ," ಎಂದಳು ಸೀತಾರಾಮಪ್ಪನಿಗೆ ಮೆಲ್ಲಗೆ. "ಹಿಂದಿನಿಂದ ಹೊಡೆದು ನೂಕಿದ್ದಾರೆ."

ದುಗ್ಗಮ್ಮನಿಗೆ ಕೇಳಿಸಿತು. "ಮೂವತ್ತು ವರ್ಷ ಮಾಡು ಹತ್ತಿದೋರು. ಜಾರಿದ್ದು ಒಂದಿನ ಕಾಣೆ," ಅಂದಳು. "ನಿನ್ನೆ ಟವರಿನ ಸಾಹೇಬರ ಮನೆಗೆ ಹೋಗಿ ಬಂದಿದ್ರು. ಹನ್ನೊಂದು ಹಂಚು ಅಂತ ಹೇಳಿ ಬಂದೀನಿ ಕಣೇ, ಆ ಹೆಣ್ಣುಮಗಳು ಸುಮ್ನೆ ಸಾಯಬಾರದು ಅಂದ್ರು."

"ಯಾವ ಹನ್ನೊಂದು ಹಂಚು?"

ದುಗ್ಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳು ಅವಸರ ಮಾಡಲಿಲ್ಲ.

"ನಾ ಕೆಳಗಿಂದ ಎಸಿಯೋಳು, ಅವರು ಮೇಲೆ ಹಿಡಿಯೋರು. ಎಸಿವಾಗ ಎಣಿಸ್ತಾ ಇರ್ಬೇಕು, ಇಲ್ದಿದ್ರೆ ಇಬ್ಬರ ಕೈ ಕೂಡದಿಲ್ಲ. ಲಾಭ, ಎರಡು, ಮೂರು ಅಂತ. ಒಂದು ಅನ್ನಾಂಗಿಲ್ಲ, ಲಾಭ ಅನ್ಬೇಕು. ಭಾನುವಾರ ಸಂಜಿಗೆ ದೊಡ್ಡದು ಬಂತು. ಅಂಗಳ ಪೂರಾ ನೆರಳು. ಅದು ದಾಟಿ ಹೋಗೋ ತನಕ ನಿಂತ್ವಿ. ದಾಟಿದ್ದೇ ಹೊಸ ಸಾಲು ಹಿಡಿದ್ವಿ, ಲಾಭದಿಂದ."

"ಆಮೇಲೆ?"

"ಒಂಬತ್ತು ಅಂದೆ, ಮೇಲೆ ಸೀರೆ ಹರಿದಂಗೆ ಸದ್ದಾತು. ಒಂದು ಎಲೆ ಅಲ್ಲಾಡ್ತಿರ್ಲಿಲ್ಲ ಕಣಮ್ಮ. ಮಾಡಿನ ನೆತ್ತಿ ಮೇಲಿನ ನಾಕು ಹಂಚು ತಾವೇ ಎದ್ದು ಹಾರಿದ್ವು. ಹನ್ನೊಂದನೇದು ಅವರ ಕೈಗೆ ಹೋತು, ಆಗ ಚಿಕ್ಕ ವಿಮಾನ ಬಂತು. ಬಂದಿದ್ದು ನೆಟ್ಟಗೇ ಬಂತು. ನಮ್ಮ ತಲೆ ಮೇಲೆ ಬಂದಿದ್ದೇ, ಯಾರೋ ಒಂದು ರೆಕ್ಕೆ ಹಿಡಿದು ಎತ್ತಿ ಮಗುಚಿದಂಗೆ..." ಅವಳು ಅಂಗೈ ತಿರುಗಿಸಿ ತೋರಿಸಿದಳು. "ನಮ್ಮ ಭವ್ಯಾ ಅದರಲ್ಲೇ ಇದ್ಲು."

ಚೈತ್ರಾ ತಲೆ ಎತ್ತಿ ನೋಡಿದಳು. ಮಾಡಿನ ಈ ಬದಿಯಲ್ಲಿ ಒಂದು ಸಾಲಿನಲ್ಲಿ ಹನ್ನೊಂದು ಹಂಚು. ಆಚೆಗೆ ಹಂಚು ಕೂರುವ ಬರೀ ರೀಪು ಪಟ್ಟಿ, ಅದರಾಚೆ ಆಕಾಶ. ಭಾನುವಾರ ಬಿಟ್ಟ ಕೆಲಸ ಹಾಗೇ ನಿಂತಿತ್ತು; ಇವತ್ತು ಮುಂದುವರಿಸಲು ಹತ್ತಿದವನು ಒಂದು ಹಂಚೂ ಇಟ್ಟಿರಲಿಲ್ಲ.

ಹತ್ತಿರದಿಂದ ನೋಡಿ ಬರುತ್ತೇನೆ ಎಂದು ಸೀತಾರಾಮಪ್ಪ ಏಣಿ ಹತ್ತಿದ. ಎರಡು ಹೆಜ್ಜೆ ಇಟ್ಟ. ಟಪ್, ಟಪ್, ಮತ್ತೊಂದು ಟಪ್. ಮೂರು ಹಂಚು ಪುಡಿಯಾದವು. ಅವನು ಕುಂಡೆ ಊರಿಕೊಂಡು ಜಾರುತ್ತಾ ವಾಪಸು ಇಳಿದ.

"ಬೂಟು ಹಾಕ್ಕಂಡು ಮಾಡು ಹತ್ತದಾ ಮಾರಾಯ?" ಎಂದಳು ದುಗ್ಗಮ್ಮ, ಆ ಸ್ಥಿತಿಯಲ್ಲೂ. "ಹಂಚಿನ ನಡೂ ಮಧ್ಯೆ ಕಾಲಿಟ್ರೆ ಒಡೀದೆ ಎಂತ ಆತದೆ? ಕೆಳಗೆ ಹಂಚು ಹೊರೋ ಪಕಾಸಿ ಮರ ಎಲ್ಲಿ ಹಾದದೆ ಅಂತ ಕಾಲಿಗೆ ಗೊತ್ತಿರಬೇಕು."

"ಹನ್ನೊಂದು ಹಂಚಿಗೆ ಎಷ್ಟು ಹೊತ್ತು ಆಗ್ತದೆ ದುಗ್ಗಮ್ಮ?" ಚೈತ್ರಾ ಕೇಳಿದಳು. "ನೀವು ಎಸೀರಿ, ನಾನು ಗಡಿಯಾರ ಹಿಡೀತೀನಿ. ಮೇಲೆ ಹಿಡಿಯೋಕೆ ಒಬ್ಬರು ಬೇಕು."

ದುಗ್ಗಮ್ಮ ಜೀಪಿನ ಕಡೆ ಕೈ ತೋರಿಸಿದಳು. "ನನ್ನ ತಮ್ಮ ಅದಾನಲ. ಟ್ಯಾಕ್ಸಿ ಹಿಡಿಯೋಕೆ ಮುಂಚೆ ಎಂಟು ವರ್ಷ ಭಾವನ ಕೂಡೆ ಹಂಚು ಇಟ್ಟೋನು."

ದಿನೇಶ್ ಮುಖ ಆಚೆ ತಿರುಗಿಸಿದ. "ಅಕ್ಕಾ, ಭಾವನ ಹೆಣ ಇಲ್ಲೇ ಬಿದ್ದದೆ. ನಾನು ಮಾಡು ಹತ್ತದಾ?"

"ಹತ್ತು."

"ನನ್ನ ಹೆಂಡ್ತಿ ಕೊಂದೋಳನ್ನ ಉಳಿಸೋಕಾ?"

"ನಿನ್ನ ಭಾವ ಸತ್ತಿದ್ದು ಯಾತಕ್ಕೆ ಅಂತ ತಿಳಿಯಾಕೆ. ಹತ್ತೋ."

ಬೇಡಿ ಬಿಚ್ಚಿದರು. ಅವನು ಚಪ್ಪಲಿ ಕಳಚಿ, ಏಣಿ ಹತ್ತಿ, ಹೊಸ ಸಾಲು ಮುಟ್ಟದೆ ಅದರ ಮೇಲಿನಿಂದ ಹಾದು ಹಿಂಬದಿಯ ಇಳಿಜಾರಿಗೆ ದಾಟಿದ. ಪೆಟ್ಟು ಬಿದ್ದ ಮಂಡಿ ಕುಂಟುತ್ತಿದ್ದರೂ ಬರಿಗಾಲು ಒಂದು ಸದ್ದು ಮಾಡಲಿಲ್ಲ. ಸೀತಾರಾಮಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

"ಲಾಭ," ಎಂದಳು ದುಗ್ಗಮ್ಮ. ಶಾಲೆಯ ಹಿಂದಿನ ಅಂಗಳದಿಂದ ಹಂಚು ಗಾಳಿಯಲ್ಲಿ ಏರಿತು.

ದಿನೇಶ್ ಹಿಡಿದ. ತಿರುಗಿಸಿ ನೋಡಿದ. ಒರೆಸಿದ. ನಿಧಾನಕ್ಕೆ ಕೂರಿಸತೊಡಗಿದ. ಅವನು ಹೊತ್ತು ಎಳೆಯುತ್ತಿದ್ದಾನೆಂದು ಚೈತ್ರಾಳಿಗೆ ಅರ್ಥವಾಯಿತು. ಹೆಂಡತಿ ಸತ್ತ ಸಿಟ್ಟು ಎಂದುಕೊಂಡಳು.

ದುಗ್ಗಮ್ಮ ಕಾಯಲಿಲ್ಲ. "ಎರಡು." ಹಂಚು ಅವನ ಎದೆಗೆ ಬಡಿದು ಒಡೆಯಿತು. "ಎಂತಕ್ಕೆ ಎಳೀತಿಯಾ? ನಿನ್ನ ಭಾವ ಹಿಂಗೆ ಇಡ್ತಿದ್ನಾ? ಮೊದಲಿಂದ ಹಿಡಿ. ಲಾಭ!"

ಎಸೆಯುವವಳು ಅವಳು. ಹಿಡಿಯದಿದ್ದರೆ ಎದೆಗೆ, ಮುಖಕ್ಕೆ. ಮೂರನೆಯದಕ್ಕೆ ದಿನೇಶನ ಕೈ ಅವನ ಮಾತು ಕೇಳುವುದನ್ನು ಬಿಟ್ಟಿತು. ಎಂಟು ವರ್ಷದ ರೂಢಿ. ಹಿಡಿ, ಬಾಗು, ಕೂರಿಸು, ತಿರುಗು. ಹಿಡಿ, ಬಾಗು, ಕೂರಿಸು, ತಿರುಗು.

"ಹನ್ನೊಂದು."

"ಅರವತ್ತಾರು ಸೆಕೆಂಡ್," ಎಂದಳು ಚೈತ್ರಾ. ಇನ್ನೆರಡು ಸಲ ಮಾಡಿಸಿದಳು. ಅರವತ್ತನಾಲ್ಕು. ಅರವತ್ತೇಳು.

ಸೀತಾರಾಮಪ್ಪ ಬೆರಳು ಮಡಚಿದ. "ಹಂಚಿಗೆ ಆರು ಸೆಕೆಂಡು. ರಿಜಿಸ್ಟರ್ ಪ್ರಕಾರ ನಾಲ್ಕು ನಿಮಿಷ ಅಂದ್ರೆ ನಲವತ್ತು ಹಂಚು ಇಟ್ಟಿರಬೇಕಿತ್ತು. ಇಟ್ಟಿದ್ದು ಹನ್ನೊಂದು. ಟವರಿನೋನು ಸುಳ್ಳು ಬರೆದಾನೆ ಮೇಡಮ್!"

ದಿನೇಶ್ ಹೋದ ಹಾಗೆಯೇ ವಾಪಸು ಬಂದು ಏಣಿ ಇಳಿದ. ದುಗ್ಗಮ್ಮ ಅವನು ನಡೆದು ಬಂದ ದಾರಿಯನ್ನೇ ನೋಡುತ್ತಿದ್ದಳು. ಸೀತಾರಾಮಪ್ಪ ಒಡೆದ ಮೂರು ಹಂಚು ಬಿಟ್ಟರೆ ಮಾಡು ಇಡಿಯಾಗಿತ್ತು.

"ಒಂದೂ ಒಡೀಲಿಲ್ಲ," ಎಂದಳು ಅವಳು. ಹೊಗಳುತ್ತಿದ್ದಾಳೆಂದು ಚೈತ್ರಾ ಭಾವಿಸಿದಳು.

ದುಗ್ಗಮ್ಮನ ಹೇಳಿಕೆ ಬರೆದದ್ದಾಯಿತು. ಹೆಬ್ಬೆಟ್ಟು ಒತ್ತಿಸಲು ಪಂಚರಿಬ್ಬರು ಬರಬೇಕು. ಮಾಡಿನ ಫೋಟೊ ತೆಗೆಯುವವನು ಶಿವಮೊಗ್ಗ ಬಿಟ್ಟಿದ್ದಾನೆ. ಬೇಡಿ ಬಿಚ್ಚಿಯೇ ಇದ್ದ ದಿನೇಶನ ಮತ್ತು ಹೆಣದ ಕಾವಲಿಗೆ ಸೀತಾರಾಮಪ್ಪನನ್ನು ಬಿಟ್ಟು ಚೈತ್ರಾ ಒಬ್ಬಳೇ ಜೀಪು ತಿರುಗಿಸಿದಳು. ಗಂಟೆ ಮೂರೂಕಾಲು.

*

ಟವರಿನ ಅಧಿಕಾರಿ ಹೇರಂಬ ಕ್ವಾರ್ಟರ್ಸಿನಲ್ಲಿ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ. ದಪ್ಪ ಮನುಷ್ಯ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವನು.

"ಎಲ್ಲಿಗೆ ಸಾರ್ ಪಯಣ?"

"ಸಾಗರಕ್ಕೆ. ಅಮ್ಮನಿಗೆ ಹುಷಾರಿಲ್ಲೆ."

"ಅರವತ್ತಾರು ಸೆಕೆಂಡ್," ಎಂದಳು ಚೈತ್ರಾ.

ಅವನ ಕೈಯಲ್ಲಿದ್ದ ಅಂಗಿ ಅಲ್ಲೇ ನಿಂತಿತು. "ಎಂತ?"

"ದೊಡ್ಡ ವಿಮಾನಕ್ಕೂ ಚಿಕ್ಕ ವಿಮಾನಕ್ಕೂ ನಡುವೆ ನೀವು ಬಿಟ್ಟ ಹೊತ್ತು. ನಾಲ್ಕು ನಿಮಿಷ ಅಂತ ಬರೆದಿದ್ದೀರಿ. ಗಿರಿಯಪ್ಪ ನಿನ್ನೆ ಬಂದು ಹೇಳಿದ. ಇವತ್ತು ಬೆಳಿಗ್ಗೆ ಅವನ ತಲೆ ಒಡೆದಿದೆ."

ಹೇರಂಬ ಮೇಜಿನ ಮೇಲಿದ್ದ ಸ್ಟೀಲಿನ ನೀರಿನ ಕ್ಯಾನು ಎತ್ತಿ ಬೀಸಿದ. ಅದು ಚೈತ್ರಾಳ ಕೆನ್ನೆಗೆ ಬಡಿಯಿತು. ಬಾಯೊಳಗೆ ರಕ್ತದ ಉಪ್ಪು. ಅವನು ಬಾಗಿಲಿಗೆ ಓಡಿದ. ಅವಳು ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದು, ಕೂದಲು ಹಿಡಿದು ಮುಖವನ್ನು ಮೇಜಿಗೆ ಬಡಿದಳು. ಮೂಗು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

"ಯಾಕೆ ಕೊಂದೆ ಅವನನ್ನ?"

"ನಾನಲ್ಲ! ನಾನಲ್ಲ ಮಾರಾಯ್ತಿ!" ಅವನು ನೆಲಕ್ಕೆ ಕುಸಿದ. ಬಿಳಿ ಅಂಗಿಯ ಮೇಲೆ ಕೆಂಪು ಹರಡುತ್ತಿತ್ತು. "ನನ್ನ ನೋಡಿ. ಈ ದೇಹ ತಗಂಡು ನಾನು ಹಂಚಿನ ಮಾಡು ಹತ್ತೂಲೆ ಆಗ್ತಾ?"

ಚೈತ್ರಾಳ ಕೈ ಸಡಿಲವಾಯಿತು.

ಸೀತಾರಾಮಪ್ಪ ಎರಡು ಹೆಜ್ಜೆ ಇಟ್ಟು ಮೂರು ಹಂಚು ಒಡೆದಿದ್ದ. ಅವನು ಹತ್ತುವ ಮೊದಲು ಆ ಮಾಡಿನ ಮೇಲೆ ಒಡೆದ ಹಂಚು ಒಂದೂ ಇರಲಿಲ್ಲ. ಗಿರಿಯಪ್ಪನ ಬೆನ್ನ ಹಿಂದಿನವರೆಗೆ ನಡೆದು ಹೋದವನು ಒಂದು ಬಿರುಕೂ ಬಿಡದೆ, ಸದ್ದೂ ಮಾಡದೆ ನಡೆದಿದ್ದ.

ಒಂದೂ ಒಡೀಲಿಲ್ಲ, ಎಂದಿದ್ದಳು ದುಗ್ಗಮ್ಮ.

"ಗಿರಿಯಪ್ಪ ಬಂದು ಹೋದದ್ದು ಯಾರಿಗೆ ಹೇಳಿದೆ?" ಚೈತ್ರಾಳ ದನಿ ತಗ್ಗಿತ್ತು.

ಹೇರಂಬ ಅಂಗಿಯಿಂದ ಮೂಗು ಒತ್ತಿಕೊಂಡ.

"ದಿನೇಶನಿಗೆ. ನಿನ್ನೆ ಸಂಜೆ ಫೋನ್ ಮಾಡಿ, ನಿನ್ನ ಭಾವ ಎಣಿಸಿಟ್ಟಿದ್ದಾನೆ ಮಾರಾಯ, ನಾನೂ ಹೋದೆ ನೀನೂ ಹೋದೆ ಅಂದೆ. ಭಾವನ ಹತ್ರ ನಾನು ಮಾತಾಡ್ತೀನಿ ಅಂದ. ಮಾತಾಡ್ತೀನಿ ಅಂತ ಅಷ್ಟೇ ಅಂದದ್ದು."

"ಅವನ್ಯಾಕೆ ಸಿಕ್ಕಿಬೀಳ್ತಾನೆ? ಸತ್ತದ್ದು ಅವನ ಹೆಂಡ್ತಿ."

"ಇಳಿಸು ಅಂದದ್ದೇ ಅವನು."

ಹೊರಗೆ ಎಲ್ಲೋ ವಿಮಾನದ ಸದ್ದು. ಹೇರಂಬ ಕಿಟಕಿಯ ಕಡೆ ನೋಡಿದ.

"ಸಾಗರದಲ್ಲಿ ಹೈಸ್ಕೂಲಿಂದ ಜೊತೆ ನಾವು. ಭಾನುವಾರ ನಾಲ್ಕೂ ಹತ್ತಕ್ಕೆ ಫೋನ್ ಮಾಡಿದ. ಎರಡು ಸಲ ಗರ್ಭ ಹೋಗಿದೆ ಹೇರಂಬ, ನಾಲ್ಕೂವರೆಗೆ ರಾಹುಕಾಲ ಕೂರ್ತದೆ, ಅಷ್ಟರೊಳಗೆ ಭವ್ಯಾ ನೆಲ ಮುಟ್ಟಲಿ, ಅಕ್ಕ ಖಂಡಿತ ಹೇಳಿದಾಳೆ ಅಂದ. ಸರಕಿನ ವಿಮಾನ ಮುಂದಿತ್ತು. ನಿಯಮದ ಪ್ರಕಾರ ಬಿಟ್ರೆ ಭವ್ಯಾಳ ವಿಮಾನ ಇಳಿಯೂಲೆ ಮತ್ತೊಂದು ಸುತ್ತು ಹೊಡೀಬೇಕು. ನಾಲ್ಕೂಮುಕ್ಕಾಲು ಆಗ್ತಿತ್ತು. ನಾನು..." ಅವನು ಅಂಗೈಯಿಂದ ನೆಲ ಬಡಿದ. "ಒಂದು ಸುತ್ತು. ಒಂದೇ ಒಂದು ಸುತ್ತು ಮೇಡಮ್. ಗಾಳಿ ಇಲ್ಲೆ, ಆಕಾಶ ಚೊಕ್ಕ ಇದ್ದು, ಎಂತ ಆಗ್ತು ಅಂದ್ಕಂಡೆ. ಗಾಳಿ ಇಲ್ಲದ್ದೇ ಮೃತ್ಯುವಾತು."

"ಇದನ್ನ ಬರೆದು ಸಹಿ ಹಾಕು."

ಅವನು ತಲೆಯಾಡಿಸಿದ. ಮುರಿದ ಮೂಗಿನ ಮೇಲಿನ ಕಣ್ಣುಗಳಲ್ಲಿ ಲೆಕ್ಕ ಹಾಕುವ ಬುದ್ಧಿ ಮೆಲ್ಲಗೆ ವಾಪಸು ಬರುತ್ತಿತ್ತು.

"ನಿಮ್ಮ ಹತ್ರ ಇರೋದು ಹಂಚು ಎಸೆಯೋ ಹೆಂಗಸಿನ ಎಣಿಕೆ. ನನ್ನ ಹತ್ರ ಸರ್ಕಾರಿ ರಿಜಿಸ್ಟರ್. ಅವಳು ಮೊದ್ಲು ಒತ್ತಲಿ ಹೆಬ್ಬೆಟ್ಟು. ಹನ್ನೊಂದು ಅಂತ ಅವಳ ಕಾಗದ ತಂದು ನನ್ನ ಮುಂದೆ ಇಡಿ, ನಾನೂ ಹಾಕ್ತೆ. ಅದಿಲ್ಲದೆ ಹೊಡೆದು ಸಾಯಿಸಿದ್ರೂ ಹಾಕೂದಿಲ್ಲೆ. ಜೈಲಿಗೆ ನಾನೊಬ್ಬನೇ ಹೋಗಲಾ?"

ಚೈತ್ರಾ ಅವನನ್ನು ಕಿಟಕಿಯ ಸರಳಿಗೆ ಬೇಡಿ ಹಾಕಿ ಕಟ್ಟಿದಳು. ಫೋನಿನ ದಾಖಲೆ ಕೇಳಿದರೆ ನಾಳೆ ಸಿಗುತ್ತದೆ. ಸುಮನಾಳಿಗೆ ನಾಳೆ ಇರಲಿಲ್ಲ.

ಸೀತಾರಾಮಪ್ಪನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

*

ಶಾಲೆಯ ಗೇಟಿನ ಹತ್ತಿರ ಜೀಪು ನಿಂತಾಗ ಐದೂಕಾಲು. ದಾರಿಯಲ್ಲಿ ಜನ ಎರಡು ಕಡೆ ಟೈರು ಸುಟ್ಟು ತಡೆದಿದ್ದರು. ಸೀತಾರಾಮಪ್ಪ ಓಡಿ ಬಂದ.

"ಹೆಣದ ಗಾಡಿ ಮಣ್ಣು ರಸ್ತೇಲಿ ಹೂತ್ಕಂಡಿತ್ತು ಮೇಡಮ್. ನೂಕೋಕೆ ಹೋಗಿದ್ದೆ. ವಾಪಸು ಬಂದ್ರೆ ಗೇಟಿಗೆ ಒಳಗಿಂದ ಬೀಗ. ಹಾರಿ ಒಳಗೆ ಹೋಗೋಷ್ಟರಲ್ಲಿ..." ಅವನು ಜಗಲಿಯ ಕಡೆ ಕೈ ತೋರಿಸಿದ.

ಜಗಲಿಯ ಕಂಬಕ್ಕೆ ದಿನೇಶನನ್ನು ಬಾವಿ ಹಗ್ಗದಿಂದ ಬಿಗಿದು ಕಟ್ಟಿತ್ತು. ತಲೆ ಎದೆಗೆ ಜೋತು ಬಿದ್ದಿತ್ತು. ಉಸಿರಿತ್ತು. ಅವನ ಎರಡೂ ಕೈ ಜಗಲಿಯ ಕಲ್ಲಿನ ಮೇಲೆ ಚಾಚಿದ್ದವು. ಅವು ಕೈಗಳೆಂದು ಗುರುತಿಸಲು ಚೈತ್ರಾಳಿಗೆ ಒಂದು ಕ್ಷಣ ಬೇಕಾಯಿತು. ಹತ್ತು ಬೆರಳೂ ಜಜ್ಜಿ ಹೋಗಿದ್ದವು. ಪಕ್ಕದಲ್ಲಿ ಬಿಸಿಯೂಟದ ಕೋಣೆಯ ಹೊರಗಿದ್ದ ರುಬ್ಬುವ ಗುಂಡುಕಲ್ಲು ರಕ್ತದಲ್ಲಿ ಉರುಳಿ ನಿಂತಿತ್ತು.

ದುಗ್ಗಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಮೊಳಕೈವರೆಗೂ ಕೆಂಪು. ಕೆಲವು ಕಡೆ ಹಂಚಿನ ಪುಡಿ, ಕೆಲವು ಕಡೆ ಬೇರೆ.

"ಕೇಳ್ದೆ. ಹೌದು ಅಕ್ಕಾ ಅಂದ," ಎಂದಳು. "ಕಾಲು ಹಿಡ್ಕಂಡು ಹೌದು ಅಂದ. ನೀನೇ ಹತ್ತಿ ನಡೆದು ತೋರ್ಸಿದ್ಯಲೋ ಅಂದೆ. ಹಂಗೆ ನಡಿಯಾಕೆ ಅವನಿಗೆ ಕಲ್ಸಿದ್ದು ಅವರೇ ಕಣಮ್ಮ. ಕೈ ಹಿಡ್ದು ಕಲ್ಸಿದ್ರು."

"ಏಳಿ ದುಗ್ಗಮ್ಮ. ಅವನನ್ನ ಆಸ್ಪತ್ರೆಗೆ ಸಾಗಿಸೋಣ. ಪಂಚರು ಬಂದಿದ್ದಾರೆ. ನಿಮ್ಮ ಹೆಬ್ಬೆಟ್ಟು ಒಂದು ಬಿದ್ರೆ ಆ ಹುಡುಗಿ ಉಳೀತಾಳೆ."

ದುಗ್ಗಮ್ಮ ಕದಲಲಿಲ್ಲ. ಗದ್ದ ಎತ್ತಿ ಮಾಡಿನ ಕಡೆ ತೋರಿಸಿದಳು.

ಬರೀ ರೀಪು ಇದ್ದ ಜಾಗದಲ್ಲಿ ಆಕಾಶ ಕಾಣಿಸುತ್ತಿರಲಿಲ್ಲ. ಸಾಲು ತುಂಬಿತ್ತು. ಚೈತ್ರಾ ಎಣಿಸಿದಳು. ಮೊದಲ ಸಲ ತಪ್ಪಿತು. ಮತ್ತೆ ಎಣಿಸಿದಳು.

ನಲವತ್ತು. ರಿಜಿಸ್ಟರಿನ ನಾಲ್ಕು ನಿಮಿಷಕ್ಕೆ ಸರಿಯಾಗಿ.

"ಅವನೇ ಎಸೆದ, ನಾನು ಹತ್ತಿ ಇಟ್ಟೆ," ಎಂದಳು ದುಗ್ಗಮ್ಮ. "ಆಮೇಲೆ ಕೈ ಮುರ್ದೆ. ನನ್ನ ಗಂಡನ ಸಲುವಾಗಿ ಅವನಿಗೆ ಆಗಬೇಕಾದ್ದು ಆತು. ಅವನ ಜೀವ ಊರಿಗೆ ನಾ ಕೊಡಾಕಿಲ್ಲ. ಅವ್ವ ಸಾಯುವಾಗ ಮೂರು ವರ್ಷದ ಕೂಸು ಅದು. ನನ್ನ ಸೊಂಟದ ಮೇಲೆ ಬೆಳೆದಿದ್ದು."

"ಭವ್ಯಾನೂ ಸತ್ತಳಲ್ಲ. ಇನ್ನೂ ಹದಿಮೂರು ಜನ. ಈಗ ಈ ಹುಡುಗೀನೂ ಸಾಯಲಿ ಅಂತೀರಾ?"

"ನಾಲ್ಕೂವರೆ ಒಳಗೆ ಇಳ್ಸು ಅಂತ ಭಾನುವಾರ ಬೆಳಿಗ್ಗೆಯಿಂದ ಅವನ ತಲೆ ತಿಂದೋಳು ನಾನು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಹನ್ನೊಂದು ಅಂದ್ರೆ ಹೇರಂಬ ಬಾಯಿ ಬಿಡ್ತಾನೆ. ಹೇರಂಬ ಬಿಟ್ರೆ ಇವನ ಹೆಸರು. ಇವನ ಹೆಸರು ಬಂದ ಸಂಜೆಗೆ ಊರು ಇವನನ್ನ ಸೀಳ್ತದೆ. ಬೆಳಿಗ್ಗೆ ಇವನ ಹಿಂದೆ ಕಲ್ಲು ಹಿಡ್ದು ಬಂದ ಜನಾನೇ."

"ನಿಮ್ಮ ಗಂಡ ಆ ಹುಡುಗಿ ಸುಮ್ಮನೆ ಸಾಯಬಾರದು ಅಂದಿದ್ರು. ಅದಕ್ಕೇ ಸತ್ರು."

ಆ ಮಾತಿಗೆ ದುಗ್ಗಮ್ಮ ಕಣ್ಣು ಮುಚ್ಚಿದಳು. ತುಟಿ ಅಲುಗಿತು.

ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು. ಡಿವೈಎಸ್ಪಿ.

"ಚೈತ್ರಾ, ಕಾಗದ ಎಲ್ಲಿ? ನಾನು ತೀರ್ಥಹಳ್ಳಿ ಆಸ್ಪತ್ರೆ ಮುಂದೆ ಇದ್ದೀನಿ. ಹುಡುಗೀನ ಜೀಪಿಗೆ ಹತ್ತಿಸಿ ಆಯ್ತು. ಸಹಿ ಇದ್ರೆ ಈಗ ಹೇಳು. ಇಲ್ಲದಿದ್ರೆ ಸಾಗರಕ್ಕೆ ಬಿಡ್ತೀವಿ."

ಚೈತ್ರಾ ಫೋನು ಕಿವಿಗೆ ಹಿಡಿದೇ ಇದ್ದಳು. ಅವಳ ಕಣ್ಣು ಮೆಟ್ಟಿಲ ಮೇಲಿತ್ತು.

ದುಗ್ಗಮ್ಮ ಎದ್ದು ನಿಂತಳು. ಸೆರಗಿನಿಂದ ಬಲಗೈ ಒರೆಸಿಕೊಂಡಳು. ರಕ್ತ ಹೋಯಿತು, ಹಂಚಿನ ಕೆಂಪು ಹೋಗಲಿಲ್ಲ. ಹೆಬ್ಬೆರಳು ಮುಂದೆ ಚಾಚಿದಳು.

"ಎಲ್ಲಿ ಒತ್ತಬೇಕು ಹೇಳಿ," ಎಂದಳು. "ಒತ್ತಿ ಕೊಡ್ತೀನಿ. ನಲವತ್ತು ಅಂತ ಬರೀರಿ."